ಬನ್ನಿಗಿಡದ ಕ್ರಾಸಿನಲ್ಲಿ ನಪಾಸಾದ ಹೊಳೆಪ್ಪ

ಬನ್ನಿಗಿಡದ ಕ್ರಾಸ್, ಜಮಖಂಡಿ ತಾಲೂಕು
18 ಮಾರ್ಚ್ 2008

ಲಾರಿ ಚಾಲಕರಿಗೆ ಕೂಡುರಸ್ತೆ ದಾಟುವ ವಿದ್ಯೆಯನ್ನು ಎರಡೇ ದಿನಗಳಲ್ಲಿ ಧಾರೆಯೆರೆದ, ಸುಗಮಪಥ ಚಾಲಕ ತರಬೇತಿ ಸಂಸ್ಥೆಯ ಮುಖ್ಯ ತರಬೇತುದಾರರಾದ ಶ್ರೀಮಾನ್ ನಂದಕಿಶೋರ ಅವರ ದಿವ್ಯ ಸನ್ನಿಧಾನಕ್ಕೆ,

ಮಾನ್ಯರೇ,

ಬನ್ನಿಗಿಡದ ಕ್ರಾಸಿನ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯ ಮುಖ್ಯೋಪಾಧ್ಯಾಯಿನಿ ಮಥುರಾಬಾಯಿ ಇನಾಮದಾರ ಎಂಬ ನಾನು, ನನ್ನ ಶಾಲೆಯ ಅರವತ್ತೊಂದು ಮಕ್ಕಳು, ಇಬ್ಬರು ಸಹ ಶಿಕ್ಷಕಿಯರು ಮತ್ತು ಗಂಟೆ ಬಾರಿಸಿದಾಗಲೆಲ್ಲ ಎದ್ದು ನಿಲ್ಲುವ ಒಂದು ನಾಯಿಯ ಪರವಾಗಿ ತಮ್ಮ ಪಾದಾರವಿಂದಗಳಿಗೆ ಮಾಡುವ ಸಾಷ್ಟಾಂಗ ಪ್ರಣಾಮಗಳು. ಇತ್ತ ನಾವೆಲ್ಲರೂ ಕ್ಷೇಮ. ಕ್ಷೇಮ ಎಂಬ ಈ ಪದವನ್ನು ಎಲ್ಲ ಪತ್ರಗಳಲ್ಲಿ ಬರೆಯುವಂತೆ ಬರೆದಿಲ್ಲ, ಒಬ್ಬೊಬ್ಬರನ್ನೇ ಎಣಿಸಿ ನೋಡಿ ಬರೆದಿದ್ದೇನೆ. ಏಕೆ ಎಣಿಸಬೇಕಾಯಿತು ಎಂಬುದನ್ನು ಸವಿಸ್ತಾರವಾಗಿ ನಿವೇದಿಸಿಕೊಳ್ಳುವುದೇ ಈ ಬಹಿರಂಗ ಪತ್ರದ ಉದ್ದೇಶ.

ಕಳೆದ ನವೆಂಬರ್ ತಿಂಗಳಲ್ಲಿ ಕಬ್ಬು ಅರೆಯುವ ಹಂಗಾಮು ಶುರುವಾಗುವ ಮುನ್ನ, ನಮ್ಮ ಭಾಗದ ಒಂದು ಸಕ್ಕರೆ ಕಾರ್ಖಾನೆಯವರು ತಮ್ಮ ಸಂಸ್ಥೆಯ ಪ್ರಮಾಣಪತ್ರವಿಲ್ಲದ ಚಾಲಕನ ಲಾರಿಯನ್ನು ಗೇಟಿನೊಳಗೆ ಬಿಡುವುದಿಲ್ಲವೆಂದು ಸಾರಿ, ನಲವತ್ತು ಜನ ಚಾಲಕರನ್ನು ಜಮಖಂಡಿಯ ಒಂದು ಕಲ್ಯಾಣ ಮಂಟಪದಲ್ಲಿ ಕೂಡಿಸಿದ್ದು ತಮಗೆ ನೆನಪಿರಬಹುದು. ಪ್ರಾಯೋಗಿಕ ಪರೀಕ್ಷೆ ನಮ್ಮ ಶಾಲೆಯ ಮುಂದಿನ ಕ್ರಾಸಿನಲ್ಲಿ ನಡೆಯಲಿದ್ದುದರಿಂದ ಸೌಜನ್ಯಕ್ಕಾಗಿ ನನಗೂ ಒಂದು ಆಮಂತ್ರಣ ಬಂದಿತ್ತು. ಬರಬೇಕಾಗಿದ್ದ ಮುಖ್ಯ ಅತಿಥಿಗಳು ಬರದ ಕಾರಣ, ಕೊನೆಯ ಸಾಲಿನಲ್ಲಿ ಕುಳಿತಿದ್ದ ನನ್ನನ್ನು ಎಬ್ಬಿಸಿ, ಶಾಲು ಹೊದಿಸಿ, ದೀಪ ಬೆಳಗಿಸಲು ಹಚ್ಚಿದವರು ತಾವೇ. ವೇದಿಕೆಯ ಹಿಂದೆ ಹಿಂದಿನ ದಿನದ ಮದುವೆಯ ಥರ್ಮಾಕೋಲಿನ ಅಕ್ಷರಗಳು ಹಾಗೇ ಇದ್ದವು. ಅವುಗಳಡಿ ನಿಂತು ನಲವತ್ತು ಜನ ಗಂಡಸರಿಗೆ ತಾವು ‘ಮೊದಲು ನಿಲ್ಲಿ, ಆಮೇಲೆ ನೋಡಿ, ನಂತರ ಮುಂದುವರಿಯಿರಿ’ ಎಂದು ಉಪದೇಶಿಸಿದಾಗ, ಇದು ಮದುವೆಗೂ ಸಲ್ಲುವ ಮಾತೆಂದು ನಾನು ಮನಸ್ಸಿನಲ್ಲೇ ಮೆಚ್ಚಿಕೊಂಡೆ. ದೀಪ ಬೆಳಗಿಸಿದವಳೆಂಬ ಈ ಒಂದು ಹಕ್ಕಿನ ಮೇಲೆಯೇ ಇಂದು ತಮಗೆ ಬರೆಯುವ ಧೈರ್ಯ ಮಾಡಿದ್ದೇನೆ.

ಆ ದಿನ ತಾವು ಗೋಡೆಯ ಮೇಲೆ ತೋರಿಸಿದ ಕೂಡುರಸ್ತೆಯ ಚಿತ್ರವನ್ನು ನಾನು ಇನ್ನೂ ಮರೆತಿಲ್ಲ. ಎಂಥ ರಸ್ತೆ ಅದು! ಅಂಗೈಯಂತೆ ಬಯಲು, ನಾಲ್ಕೂ ದಿಕ್ಕಿಗೆ ಕಣ್ಣು ಹಾಯುವಷ್ಟು ದೂರ ನುಣುಪಾದ ಡಾಂಬರು, ಬಿಳಿಯ ಪಟ್ಟೆ, ಕೆಂಪು ಹಸಿರು ದೀಪ. ಮನುಷ್ಯ ಮಾತ್ರದವರು ಒಬ್ಬರೂ ಇರಲಿಲ್ಲ. ಎಲ್ಲರೂ ಆ ರಸ್ತೆಯನ್ನು ಕಂಡು ನಾಚಿ ಮನೆಯೊಳಗೆ ಕುಳಿತಿದ್ದರೋ ಏನೋ. ಆಗ ಮೂರನೆಯ ಸಾಲಿನಿಂದ ಎದ್ದು ನಿಂತ ಚಾಲಕನೇ ಹೊಳೆಪ್ಪ. ಇಪ್ಪತ್ತೆರಡು ವರ್ಷ ಲಾರಿ ಓಡಿಸಿದ, ಮಾತು ಕಡಿಮೆಯ, ನಮ್ಮ ಕ್ರಾಸಿನ ಹತ್ತಿರವೇ ಮನೆಯಿರುವ ಮನುಷ್ಯ.

“ಸರ್, ಈ ಚಿತ್ರದಾಗ ಕಬ್ಬ ಎಲ್ಲೈತ್ರಿ?” ಎಂದು ಆತ ಕೇಳಿದ.

ತಾವು ನಕ್ಕು, ಕಬ್ಬಿನ ಕಡೆ ನೋಡಬೇಡಿ, ರಸ್ತೆಯ ಕಡೆ ನೋಡಿ ಎಂದಿರಿ.

“ರಸ್ತಾ ಕಾಣಿಸಿದರ ನೋಡೇ ನೋಡ್ತೀನ್ರಿ. ನಮ್ಮ ಕಡೆ ನವೆಂಬರದಾಗ ಬರೇ ಕಬ್ಬ ಕಾಣಸ್ತೈತಿ, ರಸ್ತಾ ಅದರ ಹಿಂದ ಇರ್ತೈತ್ರಿ.”

ಸಭೆಯೆಲ್ಲ ನಕ್ಕಿತು. ತಾವು ಗಡಿಯಾರ ನೋಡಿಕೊಂಡು ಮುಂದಿನ ಚಿತ್ರಕ್ಕೆ ಹೋದಿರಿ. ನಾನು ಮೂವತ್ತೆರಡು ವರ್ಷ ಪಾಠ ಹೇಳಿದವಳು. ಉತ್ತರ ಗೊತ್ತಿಲ್ಲದ ಪ್ರಶ್ನೆ ಬಂದಾಗ ಮುಂದಿನ ಪುಟ ತಿರುವುವ ಕಲೆಯನ್ನು ನಾನೂ ಅಷ್ಟಿಷ್ಟು ಬಲ್ಲೆ. ಆದರೆ ತಮ್ಮಷ್ಟು ಲೀಲಾಜಾಲವಾಗಿ ಅದನ್ನು ಮಾಡಲು ನನಗೆ ನಿವೃತ್ತಿಯ ಅಂಚಿಗೆ ಬಂದರೂ ಸಾಧ್ಯವಾಗಿಲ್ಲ.

ನಮ್ಮ ಕ್ರಾಸನ್ನು ತಾವು ಒಮ್ಮೆ ನೋಡಿದ್ದೀರಿ, ಆದರೆ ಗಡಿಯಾರ ಹಿಡಿದುಕೊಂಡು ನೋಡಿದ್ದರಿಂದ ಮತ್ತೊಮ್ಮೆ ವರ್ಣಿಸುತ್ತೇನೆ. ಜಮಖಂಡಿಯಿಂದ ಬನಹಟ್ಟಿಗೆ ಹೋಗುವ ರಸ್ತೆಗೆ, ಬಡಗಣದಿಂದ ಹಿಪ್ಪರಗಿಯ ರಸ್ತೆಯೂ ತೆಂಕಣದಿಂದ ಚಿಮ್ಮಡದ ರಸ್ತೆಯೂ ಬಂದು ಕೂಡುವ ಜಾಗವಿದು. ತೆಂಕಣಕ್ಕೆ ನಮ್ಮ ಶಾಲೆ. ಅದರ ಎದುರಿಗೆ, ಹಿಪ್ಪರಗಿ ರಸ್ತೆಯಿಂದ ಜಮಖಂಡಿಯ ಕಡೆ ಹೊರಳುವ ಮೂಲೆಯಲ್ಲಿ, ಶ್ರೀ ಚನಮಲ್ಲಪ್ಪನವರ ಕಬ್ಬಿನ ಹೊಲ. ಆ ಕಬ್ಬು ಎರಡಾಳು ಎತ್ತರ ಬೆಳೆದು ರಸ್ತೆಯ ಮೇಲೆ ತಲೆ ಚಾಚಿ ನಿಂತರೆ ಹಿಂದೆ ಆನೆ ಬಂದರೂ ಕಾಣುವುದಿಲ್ಲ. ತೋಟದ ಮನೆಗಳಲ್ಲಿರುವ ನನ್ನ ಮಕ್ಕಳು ದಿನವೂ ರಸ್ತೆ ದಾಟಿ, ಅದೇ ಮೂಲೆಯ ಕಾಲುದಾರಿ ಹಿಡಿದು ಮನೆಗೆ ಹೋಗಬೇಕು.

ಮರುದಿನದ ಪರೀಕ್ಷೆಯನ್ನು ನಾನು ಶಾಲೆಯ ಪಡಸಾಲೆಯಿಂದ ಪೂರ್ತಿ ನೋಡಿದೆ. ಇಂಡಿಕೇಟರಿಗೆ ಐದು ಅಂಕ, ಹಾರ್ನಿಗೆ ಐದು, ಬೆಲ್ಟಿಗೆ ಐದು, ಕನ್ನಡಿ ನೋಡಿದ್ದಕ್ಕೆ ಐದು, ನಲವತ್ತೈದು ಸೆಕೆಂಡಿನೊಳಗೆ ಕ್ರಾಸು ದಾಟಿದ್ದಕ್ಕೆ ಮೂವತ್ತು. ಮೂವತ್ತೊಂಬತ್ತು ಜನ ಹಾರ್ನ್ ಬಾರಿಸುತ್ತ, ದೀಪ ಮಿನುಗಿಸುತ್ತ ಗಾಳಿಯಂತೆ ಬಂದು ಗಾಳಿಯಂತೆ ಹೋದರು. ಹೊಳೆಪ್ಪನ ಪಾಳಿ ಬಂದಾಗ ಆತ ಕಬ್ಬಿನ ಮೂಲೆಗಿಂತ ಹಿಂದೆಯೇ ಲಾರಿ ನಿಲ್ಲಿಸಿ, ಎಂಜಿನ್ ಬಂದ್ ಮಾಡಿದ. ತಲೆ ಹೊರಗೆ ಹಾಕಿ ಕಿವಿಗೊಟ್ಟು ಕೇಳಿದ. ಆಮೇಲೆ ಕೆಳಗಿಳಿದು, ನಡೆದು ಮೂಲೆಯವರೆಗೂ ಬಂದು, ಆಚೆ ಈಚೆ ನೋಡಿ, ತಲೆಯ ಮೇಲೆ ಹುಲ್ಲು ಹೊತ್ತು ಬರುತ್ತಿದ್ದ ಹೆಣ್ಣುಮಗಳೊಬ್ಬಳು ದಾಟುವವರೆಗೆ ಕಾದು, ತಿರುಗಿ ಹೋಗಿ ಲಾರಿ ಹತ್ತಿ, ನಡಿಗೆಯ ವೇಗದಲ್ಲಿ ಕ್ರಾಸು ದಾಟಿದ. ನಾಲ್ಕು ನಿಮಿಷ ಹತ್ತು ಸೆಕೆಂಡು. ತಾವು ಸೀಟಿ ಊದಿ, ಆತನ ಹಾಳೆಯ ಮೇಲೆ ‘ಆತ್ಮವಿಶ್ವಾಸದ ಕೊರತೆ, ಅನುತ್ತೀರ್ಣ’ ಎಂದು ಬರೆದಿರಿ.

ನಲವತ್ತರಲ್ಲಿ ಒಬ್ಬನೇ ನಪಾಸು. ನನ್ನ ಶಾಲೆಯಲ್ಲಿಯೂ ಅಂಥ ಫಲಿತಾಂಶ ಬಂದಿದ್ದರೆ ನನಗೆ ಪ್ರಶಸ್ತಿ ಸಿಗುತ್ತಿತ್ತು.

ಮಾಲೀಕರು ಹೊಳೆಪ್ಪನ ಲಾರಿಯನ್ನು ಪ್ರಮಾಣಪತ್ರವಿದ್ದ ಬೇರೊಬ್ಬನಿಗೆ ಕೊಟ್ಟರು. ಮರುದಿನದಿಂದ ಆತ ನಮ್ಮ ಶಾಲೆಯ ಮುಂದಿನ ಕಟ್ಟೆಯ ಮೇಲೆ ಬಂದು ಕೂಡತೊಡಗಿದ. ನಾನು ಒಂದು ದಿನ ತಡೆಯಲಾರದೆ, ಏನಪ್ಪಾ, ಎಲ್ಲರಂತೆ ಹಾರ್ನ್ ಬಾರಿಸಿ ಹೋಗಿದ್ದರೆ ಏನಾಗುತ್ತಿತ್ತು ಎಂದು ಕೇಳಿದೆ. ಆತ ರಸ್ತೆಯ ಕಡೆ ಮುಖ ಮಾಡಿ ಹೇಳಿದ:

“ತೊಂಬತ್ತೇಳರಾಗರಿ ಬಾಯಾರ, ಮುಧೋಳ ಹಾದ್ಯಾಗ ಇಂಥಾದ ಒಂದ ಕ್ರಾಸ್. ಹಾರ್ನ್ ಬಾರಿಸಿದ್ದೆರಿ. ಒಂದಲ್ಲ, ಮೂರ ಸಲ. ಮುದಕಿ ಸರೀತಾಳ ಅಂತ ತಿಳಕೊಂಡ್ನಿ. ಆಕಿಗೆ ಕಿವೀನ ಕೇಳ್ತಿದ್ದಿಲ್ರಿ.”

ತಾರವ್ವ ಎಂಬ ಆ ಮುದುಕಿ ಬದುಕಿಕೊಂಡಳು, ಆದರೆ ಬಲಗಾಲು ಸೆಟೆದುಕೊಂಡಿತು. ಹೊಳೆಪ್ಪ ಯುಗಾದಿಗೊಮ್ಮೆ, ದಸರೆಗೊಮ್ಮೆ ಆಕೆಯ ಮನೆಗೆ ಹೋಗುತ್ತಾನೆ. ಆಕೆಗೆ ಆತನ ಮಾತು ಕೇಳುವುದಿಲ್ಲವಾದ್ದರಿಂದ ಮಾತೆಲ್ಲ ಆಕೆಯದೇ. ಬಾಗಿಲಲ್ಲಿ ಆತನನ್ನು ಕಂಡ ಕೂಡಲೇ ಊರಿಗೆಲ್ಲ ಕೇಳುವಂತೆ “ಇಳದು ನೋಡಿ ಬಂದ್ಯೋ, ಹಂಗ ಬಂದ್ಯೋ?” ಎಂದು ಕೇಳುತ್ತಾಳಂತೆ. ಹತ್ತು ವರ್ಷಗಳಿಂದ ವರ್ಷಕ್ಕೆರಡು ಬಾರಿ ಈ ಪರೀಕ್ಷೆಯಲ್ಲಿ ಪಾಸಾಗುತ್ತ ಬಂದ ಮನುಷ್ಯ ತಮ್ಮ ಪರೀಕ್ಷೆಯಲ್ಲಿ ನಪಾಸಾದನೆಂದರೆ ತಮ್ಮ ಪ್ರಶ್ನೆಪತ್ರಿಕೆ ಎಷ್ಟು ಕಠಿಣವಿದ್ದಿರಬೇಕು!

ಹಂಗಾಮು ಶುರುವಾದ ನಾಲ್ಕನೆಯ ದಿನ ತಮ್ಮ ತರಬೇತಿಯ ಮೊದಲ ಫಲವನ್ನು ನಾವು ಕಣ್ಣಾರೆ ಕಂಡೆವು. ಬೆಳಿಗ್ಗೆ ಹತ್ತು ಗಂಟೆಗೆ ಹಿಪ್ಪರಗಿಯಿಂದ ಒಂದು, ಚಿಮ್ಮಡದಿಂದ ಒಂದು ತುಂಬಿದ ಲಾರಿ, ಜಮಖಂಡಿಯಿಂದ ಒಂದು, ಬನಹಟ್ಟಿಯಿಂದ ಒಂದು ಖಾಲಿ ಲಾರಿ, ನಾಲ್ಕೂ ಒಮ್ಮೆಲೇ ಕ್ರಾಸಿಗೆ ಬಂದವು. ಬಲಗಡೆಯಿಂದ ಬರುವವನಿಗೆ ಮೊದಲು ದಾರಿ ಬಿಡಬೇಕೆಂದು ತಾವು ಮೂರು ಮೂರು ಸಲ ಹೇಳಿಸಿ ಬಾಯಿಪಾಠ ಮಾಡಿಸಿದ್ದಿರಿ. ನಾಲ್ವರೂ ಆಜ್ಞಾಧಾರಕ ವಿದ್ಯಾರ್ಥಿಗಳು, ನಾಲ್ವರೂ ತಮ್ಮ ಬಲಕ್ಕೆ ನೋಡಿದರು, ನಾಲ್ವರ ಬಲಕ್ಕೂ ಒಂದೊಂದು ಲಾರಿ ಇತ್ತು. ನಾಲ್ವರೂ ನಿಂತರು. ನಾಲ್ವರೂ ಕೈ ಮಾಡಿ, ತಾವು ಮುಂದಾಗಬೇಕು ಎಂದು ಪಕ್ಕದವನನ್ನು ಬೇಡಿಕೊಂಡರು. ಬೀಗರ ಮನೆಯ ಪಂಕ್ತಿಯಲ್ಲಿಯೂ ನಾನು ಅಷ್ಟು ಉಪಚಾರ ಕಂಡಿರಲಿಲ್ಲ. ಹಿಪ್ಪರಗಿ ಕಡೆಯ ಲಾರಿಯಲ್ಲಿದ್ದ ದುರಗೇಶ ಎಂಬ ತರುಣ ಚಾಲಕ ಕಿಟಕಿಯಿಂದ ಕೂಗಿದ:

“ನೀ ಹೋಗಲೇ, ನೀ ನನ್ನ ಬಲಕ್ಕ ಅದಿ!”

“ನನ್ನ ಬಲಕ್ಕ ಇಂವ ಅದಾನಲ್ಲೋ! ಇವಗ ಹೇಳು!”

“ನನಗ್ಯಾಕ ಹೇಳ್ತಿ, ನಾನೂ ಸರ್ಟಿಫಿಕೇಟ್ ತಗೊಂಡೇನಿ!”

ಹೀಗೆ ಒಂದೂವರೆ ತಾಸು. ಹಿಂದೆ ನಾಲ್ಕೂ ದಿಕ್ಕಿಗೆ ಲಾರಿ, ಟ್ರ್ಯಾಕ್ಟರು, ಎರಡು ಬಸ್ಸು, ಒಂದು ಹಾಲಿನ ಗಾಡಿ. ನನ್ನ ಮೂರನೆಯ ತರಗತಿಯ ಮಕ್ಕಳು ಗಡಿಯಾರದ ಪಾಠವನ್ನೂ ದಿಕ್ಕುಗಳ ಪಾಠವನ್ನೂ ಅಂದೇ ಕಲಿತು ಮುಗಿಸಿದರು. ಕೊನೆಗೆ ಹೊಳೆಪ್ಪ ಕಟ್ಟೆಯಿಂದ ಎದ್ದು ಹೋಗಿ, “ಖಾಲಿ ಇದ್ದಾಂವ ಹಿಂದಕ ಸರೀರಿ, ಕಬ್ಬ ಹೇರಿಕೊಂಡ ಬಂದಾಂವ ಮೊದಲ ಹೋಗಲಿ” ಎಂದು ಹೇಳಿ ಒಬ್ಬೊಬ್ಬರನ್ನೇ ಬಿಡಿಸಿದ. ಅನುತ್ತೀರ್ಣನಾದವನು ಉತ್ತೀರ್ಣರಿಗೆ ಆಜ್ಞೆ ಮಾಡಿದ ಈ ಅವಿಧೇಯತೆಗೆ ಆತನ ಪರವಾಗಿ ನಾನು ತಮ್ಮ ಕ್ಷಮೆ ಕೋರುತ್ತೇನೆ.

ಇಲ್ಲಿಯವರೆಗಿನದು ನಗುವ ವಿಷಯ. ಮುಂದಿನದನ್ನು ನಾನು ನಗುತ್ತ ಬರೆಯಲಾರೆ, ಆದರೂ ಗೌರವಕ್ಕೆ ಕುಂದು ಬಾರದಂತೆ ಬರೆಯುತ್ತೇನೆ.

ಅಂದಿನ ವಿಳಂಬಕ್ಕಾಗಿ ಚಾಲಕರೆಲ್ಲ ಕಾರ್ಖಾನೆಯ ಗೇಟಿನಲ್ಲಿ ಬೈಸಿಕೊಂಡರು. ಮರುದಿನದಿಂದ ಯಾರೂ ಯಾರಿಗೂ ದಾರಿ ಬಿಡಲಿಲ್ಲ. ತಮ್ಮ ಪಾಠದಲ್ಲಿ ನೆನಪುಳಿದದ್ದು ಹಾರ್ನು ಮತ್ತು ನಲವತ್ತೈದು ಸೆಕೆಂಡು ಮಾತ್ರ. ಡಿಸೆಂಬರ್ ಮೊದಲ ವಾರ, ಸಂಜೆ ನಾಲ್ಕೂ ಇಪ್ಪತ್ತು. ಶಾಲೆ ಬಿಟ್ಟು ತೋಟದ ಮನೆಯ ಮಕ್ಕಳು ಸಾಲಾಗಿ ರಸ್ತೆ ದಾಟಿ ಮೂಲೆಯ ಹತ್ತಿರ ಬಂದಿದ್ದರು. ನಾನು ಗೇಟಿನಲ್ಲಿದ್ದೆ. ಎಲ್ಲಿಯೋ ಹಾರ್ನ್ ಕೇಳಿಸಿತು, ಆದರೆ ಆ ರಸ್ತೆಯಲ್ಲಿ ದಿನವಿಡೀ ಹಾರ್ನ್ ಕೇಳುತ್ತಲೇ ಇರುವುದರಿಂದ ಮಕ್ಕಳಿಗೆ ಅದು ಕಾಗೆಯ ಕೂಗಿನಂತೆ ಆಗಿಹೋಗಿತ್ತು. ಹೊಳೆಪ್ಪನೊಬ್ಬನಿಗೆ ಮಾತ್ರ ಕಬ್ಬಿನ ಹಿಂದೆ ಲಾರಿ ಗೇರು ಬದಲಿಸಿ ಹೊರಳುವ ಸಪ್ಪಳ ಕೇಳಿಸಿರಬೇಕು. ಕಟ್ಟೆಯಿಂದ ಜಿಗಿದು ರಸ್ತೆಯ ನಡುವೆ ಓಡುತ್ತ, “ನಿಂದರ್ರೀ! ಅಲ್ಲೇ ನಿಂದರ್ರೀ!” ಎಂದು ಕೂಗಿದ. ಮಕ್ಕಳು ನಿಂತಲ್ಲೇ ಕಲ್ಲಾದರು. ಎರಡನೆಯ ತರಗತಿಯ ಸಂಧ್ಯಾ ಎಂಬ ಹುಡುಗಿಯ ಕೈಯಿಂದ ಊಟದ ತಾಟು ಜಾರಿ ಮುಂದೆ ಉರುಳಿತು. ಕಬ್ಬು ತುಂಬಿದ ಲಾರಿ ಮೂಲೆ ಹೊರಳಿ ಬಂದು, ಆ ತಾಟಿನ ಮೇಲೆ ಹಾಯ್ದು, ಎಡಕ್ಕೆ ಎಳೆದು, ಚರಂಡಿಯಲ್ಲಿ ಒಂದು ಗಾಲಿ ಇಳಿಸಿ ನಿಂತಿತು. ಹುಡುಗಿಗೂ ಗಾಲಿಗೂ ನಡುವೆ ಉಳಿದದ್ದು ಒಂದು ಮೊಳ. ಆಮೇಲೆ ನಾನು ನನ್ನ ಕೈಯಿಂದಲೇ ಅಳೆದೆ.

ಲಾರಿಯ ಇಂಡಿಕೇಟರ್ ಮಿನುಗುತ್ತಿತ್ತು. ಚಾಲಕ ಬೆಲ್ಟು ಹಾಕಿಕೊಂಡಿದ್ದ. ಹಾರ್ನ್ ಬಾರಿಸಿದ್ದ. ತಮ್ಮ ಲೆಕ್ಕದಲ್ಲಿ ಅರ್ಧ ಅಂಕಕ್ಕೂ ಕತ್ತರಿ ಹಾಕುವಂತಿರಲಿಲ್ಲ. ಕೆಳಗಿಳಿದ ಚಾಲಕ ಅದೇ ದುರಗೇಶ. ಆತ ಆ ಚಪ್ಪಟೆಯಾದ ತಾಟನ್ನು ಎತ್ತಿಕೊಂಡು ರಸ್ತೆಯಲ್ಲಿಯೇ ಕುಳಿತುಬಿಟ್ಟ.

“ಕಾಣಲಿಲ್ರೀ ಬಾಯಾರ. ಖರೇ ಹೇಳ್ತೀನಿ, ಒಂದೂ ಕೂಸು ಕಾಣಲಿಲ್ಲ. ಹಾರ್ನ್ ಹೊಡದಿದ್ದೆ.”

ಹೊಳೆಪ್ಪ ಆತನ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಬೆನ್ನ ಮೇಲೆ ಕೈ ಇಟ್ಟ. “ಗೊತ್ತೈತಿ ತಮ್ಮಾ. ಕಾಣೂದಿಲ್ಲ. ಅದಕ್ಕ ಇಳೀಬೇಕು” ಎಂದಷ್ಟೇ ಅಂದ. ಮಾನ್ಯರೇ, ಲಾರಿ ಚಾಲಕನಿಗೆ ಕೂಡುರಸ್ತೆಯ ತರಬೇತಿ ಎಂದರೇನು ಎಂದು ಯಾರಾದರೂ ಕೇಳಿದರೆ ನಾನು ಈಗ ಈ ಮೂರು ವಾಕ್ಯಗಳನ್ನು ಹೇಳುತ್ತೇನೆ. ತಮ್ಮ ಎಂಬತ್ತು ಪುಟದ ಕೈಪಿಡಿಯನ್ನು ಇದರ ನಂತರ ಓದಬಹುದು.

ಮರುದಿನದಿಂದ ಹೊಳೆಪ್ಪ ಬೆಳಿಗ್ಗೆ ಸಂಜೆ ಕ್ರಾಸಿನಲ್ಲಿ ನಿಲ್ಲತೊಡಗಿದ. ನನ್ನ ಒಂದು ಹಳೆಯ ಕೆಂಪು ಸೀರೆಯನ್ನು ಹರಿದು ಕೋಲಿಗೆ ಕಟ್ಟಿಕೊಟ್ಟೆ. ಆತನ ಹೆಂಡತಿ ಕಸ್ತೂರೆವ್ವ ಬನಹಟ್ಟಿಯಲ್ಲಿ ಮಗ್ಗದ ಕೆಲಸಕ್ಕೆ ಹೋಗುವವಳು. ಗಂಡ ಕೂಲಿಯಿಲ್ಲದೆ ರಸ್ತೆಯಲ್ಲಿ ನಿಲ್ಲುವುದಕ್ಕೆ ಆಕೆ ಏನೆನ್ನುವಳೋ ಎಂದು ನಾನು ಅಂಜಿದ್ದೆ. ಬಸ್ಸು ಹತ್ತುವಾಗ ಆಕೆ ತಿರುಗಿ ನೋಡಿ, “ಮನಿ ನಾ ನೋಡ್ಕೋತೀನ್ರಿ ಬಾಯಾರ. ಇಂವ ಇಲ್ಲೇ ನಿಂದರ್ಲಿ. ಮನ್ಯಾಗ ಕುಂತರ ಆ ತಾರವ್ವನ್ನ ನೆನಿಸಿ ಊಟಾನ ಬಿಡ್ತಾನ” ಎಂದಳು.

ಆದರೆ ಕೆಂಪು ಬಟ್ಟೆಯೂ ಮೂಲೆ ಹೊರಳಿದ ಮೇಲೆಯೇ ಕಾಣುವುದು. ಕಬ್ಬು ಅಡ್ಡವಿರುವವರೆಗೆ ಯಾವ ವಿದ್ಯೆಯೂ ನಡೆಯದೆಂದು ಅರಿತು, ನಾವಿಬ್ಬರೂ ಚನಮಲ್ಲಪ್ಪನವರ ಮನೆಗೆ ಹೋಗಿ, ಮೂಲೆಯ ಎರಡು ಗುಂಟೆ ಕಬ್ಬನ್ನು ಮೊದಲು ಕಡಿದುಬಿಡಿ ಎಂದು ಕೇಳಿಕೊಂಡೆವು. ಅವರು ಎಲೆ ಅಡಿಕೆ ಹಾಕಿಕೊಂಡು, ನನಗೆ ಕುರ್ಚಿ ಹಾಕಿ, ಮರ್ಯಾದೆಯಿಂದಲೇ ಇಲ್ಲವೆಂದರು.

“ಹೊಲದಾಗ ಜೋರ ಇರೂ ಕಬ್ಬ ಅದ ಐತ್ರಿ ಬಾಯಾರ. ಕಾರ್ಖಾನಿ ಪಾಳಿ ಬಂದಾಗ ಕಡಿಯೂದು. ಲಾರಿಯಾಂವ ಕಣ್ಣ ಬಿಟ್ಟ ಹೊಡೀಬೇಕು, ಅದಕ್ಕ ನಾ ಏನ ಮಾಡ್ಲಿ?”

ನಾನು ವಾದಿಸಲು ಬಾಯಿ ತೆರೆಯುವಷ್ಟರಲ್ಲಿ ಹೊಳೆಪ್ಪ, “ಬರೋಬ್ಬರಿ ಹೇಳಿದ್ರಿ ಗೌಡ್ರ. ನಾಳೆ ಒಂದೀಟ ಲಾರ್‍ಯಾಗ ಕುಂತು, ಕಣ್ಣ ಹ್ಯಾಂಗ ಬಿಡೂದು ಅಂತ ದುರಗೇಶಗ ತೋರಿಸಿಕೊಡ್ರಿ” ಎಂದ. ಅಷ್ಟು ವಿನಯದಿಂದ ಕರೆದರೆ ಒಲ್ಲೆ ಎನ್ನುವುದು ಹೇಗೆ? ಮರುದಿನ ಚನಮಲ್ಲಪ್ಪನವರು ಹೊಸ ಪಟಕ ಸುತ್ತಿಕೊಂಡು, ದುರಗೇಶನ ಪಕ್ಕದಲ್ಲಿ ಕುಳಿತು, ಹಿಪ್ಪರಗಿ ಕಡೆಯಿಂದ ಬಂದರು. ಅರ್ಧ ದಾರಿಯವರೆಗೂ “ಆ ಕಡೆ ನೋಡು, ಈ ಕಡೆ ನೋಡು” ಎಂದು ಬುದ್ಧಿ ಹೇಳುತ್ತಿದ್ದರಂತೆ. ಮೂಲೆ ಹತ್ತಿರ ಬಂದಂತೆ ಮಾತು ಕಡಿಮೆಯಾಯಿತಂತೆ, ಏಕೆಂದರೆ ಆಚೆಯೂ ಕಬ್ಬು, ಈಚೆಯೂ ಕಬ್ಬು, ಅದೂ ತಮ್ಮದೇ ಕಬ್ಬು. ದುರಗೇಶ ಅಂದಿನಿಂದ ಕಲಿತಂತೆ ಮೂಲೆಗಿಂತ ಹಿಂದೆಯೇ ಲಾರಿ ನಿಲ್ಲಿಸಿ ಎಂಜಿನ್ ಬಂದ್ ಮಾಡಿದ.

“ಯಾಕ ನಿಂತಿ? ಯಾರೂ ಇಲ್ಲ, ನಡಿ” ಎಂದರಂತೆ ಚನಮಲ್ಲಪ್ಪನವರು.

ಅಷ್ಟರಲ್ಲಿ ಕಬ್ಬಿನ ಗೋಡೆ ಸರಕ್ಕನೆ ಸರಿದು, ಲಾರಿಯ ಮೂತಿಯ ಮುಂದೆ ನಾಲ್ಕು ಹೆಜ್ಜೆಯಲ್ಲಿ, ತಲೆಯ ಮೇಲೆ ಮೇವಿನ ಹೊರೆ ಹೊತ್ತ ಹೆಂಗಸೊಬ್ಬಳು ರಸ್ತೆಗೆ ಇಳಿದಳು. ಹೊರೆಯಿಂದಾಗಿ ಆಕೆಗೆ ಪಕ್ಕದ್ದು ಏನೂ ಕಾಣುತ್ತಿರಲಿಲ್ಲ. ಆಕೆ ಚನಮಲ್ಲಪ್ಪನವರ ಧರ್ಮಪತ್ನಿ ಭಾಗವ್ವ. ರಸ್ತೆಯ ನಡುವೆ ಬಂದ ಮೇಲೆ ಮುಖ ಹೊರಳಿಸಿ, ಲಾರಿಯನ್ನೂ ಅದರೊಳಗೆ ಪಟಕ ಸುತ್ತಿಕೊಂಡು ಬಿಳಿಚಿಕೊಂಡು ಕುಳಿತ ಪತಿಯನ್ನೂ ಕಂಡು, ಅಲ್ಲಿಯೇ ನಿಂತು ಗದರಿದಳು: “ನಾ ಇಲ್ಲಿ ಎಮ್ಮಿಗೆ ಮೇವ ಹೊರ್‍ತೀನಿ, ನೀವ ಲಾರ್‍ಯಾಗ ಮೆರವಣಿಗಿ ಹೊಂಟೀರೇನು?”

ಚನಮಲ್ಲಪ್ಪನವರು ಲಾರಿಯಿಂದ ಇಳಿದು, ಹೆಂಡತಿಯ ತಲೆಯ ಮೇಲಿನ ಹೊರೆಯನ್ನು ತಾವೇ ಇಳಿಸಿಕೊಂಡರು. ಮೂವತ್ತು ವರ್ಷದ ಸಂಸಾರದಲ್ಲಿ ಹೀಗಾದದ್ದು ಅದೇ ಮೊದಲೆಂದು ಭಾಗವ್ವ ಆಮೇಲೆ ನನಗೆ ಹೇಳಿದಳು. ಹೊರೆಯನ್ನು ರಸ್ತೆಯ ಬದಿಗಿಟ್ಟು, ಹೊಳೆಪ್ಪನ ಕಡೆ ನೋಡಿ, “ಕುಡುಗೋಲ ತಾ” ಎಂದರು.

ಕಡಿದ ಕಬ್ಬನ್ನು ಏನು ಮಾಡುವುದು? ಕಾರ್ಖಾನೆಯ ಪಾಳಿ ಬಂದಿರಲಿಲ್ಲ. ಸೋಗೆ ಎಮ್ಮೆಗಳ ಪಾಲಾಯಿತು. ಉಳಿದದ್ದನ್ನು ಚನಮಲ್ಲಪ್ಪನವರು ಶಾಲೆಗೆ ಕೊಟ್ಟರು. ಅರವತ್ತೊಂದು ಮಕ್ಕಳು ಹನ್ನೆರಡು ದಿನ, ಹಲ್ಲು ಬಿದ್ದವರೂ ಸೇರಿ, ಆ ಕಬ್ಬನ್ನು ತಿಂದರು. ಒಂದನೆಯ ತರಗತಿಯಲ್ಲಿ ಅಲುಗಾಡುತ್ತಿದ್ದ ಐದು ಹಾಲುಹಲ್ಲುಗಳು ಆ ಅವಧಿಯಲ್ಲಿ ಉದುರಿದವು. ಸಂಚಾರ ಸುರಕ್ಷತೆಗಾಗಿ ನಮ್ಮ ತಾಲೂಕಿನಲ್ಲಿ ಯಾರಾದರೂ ಏನಾದರೂ ಕಳೆದುಕೊಂಡಿದ್ದರೆ ಅದು ಆ ಐದು ಹಲ್ಲುಗಳು ಮಾತ್ರ. ಮೂಲೆ ಬಯಲಾಯಿತು. ಹಿಪ್ಪರಗಿ ರಸ್ತೆಯಿಂದ ನಮ್ಮ ಶಾಲೆಯ ಗೇಟು ಕಂಡಿತು, ಗೇಟಿನಿಂದ ಬರುವ ಲಾರಿ ಕಂಡಿತು. ಬಯಲಾದ ಮೂಲೆಯಲ್ಲಿ ಭಾಗವ್ವ ಮೆಂತ್ಯ ಮತ್ತು ಉಳ್ಳಾಗಡ್ಡಿ ಹಾಕಿದ್ದಾಳೆ. ಮೊಳಕಾಲಿಗಿಂತ ಎತ್ತರ ಬೆಳೆಯುವ ಏನನ್ನೂ ಅಲ್ಲಿ ಬಿತ್ತಗೊಡುವುದಿಲ್ಲವೆಂದು ಗಂಡನಿಗೆ ಖಡಾಖಂಡಿತ ಹೇಳಿದ್ದಾಳೆ. ಇಷ್ಟರ ಮೇಲೂ, ದುರಗೇಶನಿಂದ ಕೇಳಿ ತಿಳಿದ ಉಳಿದ ಚಾಲಕರು ಒಬ್ಬೊಬ್ಬರಾಗಿ ಕ್ರಾಸಿಗೆ ಬಂದಾಗ ನಿಂತು, ಹೊಳೆಪ್ಪನ ಕೋಲು ಏಳುವವರೆಗೆ ಕಾದು ಹೋಗತೊಡಗಿದರು. ಹಂಗಾಮು ಮುಗಿಯುವವರೆಗೆ ಒಂದು ಕೋಳಿಗೂ ಪೆಟ್ಟಾಗಲಿಲ್ಲ.

ಇಲ್ಲಿಗೆ ಎಲ್ಲವೂ ಮುಗಿಯಬಹುದಿತ್ತು, ನಾನೂ ತಮಗೆ ತೊಂದರೆ ಕೊಡುತ್ತಿರಲಿಲ್ಲ. ಆದರೆ ಕಳೆದ ವಾರ ಒಂದೇ ಟಪಾಲಿನಲ್ಲಿ ನನಗೆ ತಮ್ಮ ಎರಡು ಕಾಗದಗಳು ಬಂದವು. ಮೊದಲನೆಯದು ತಮ್ಮ ಸಂಸ್ಥೆಯ ಸುಂದರವಾದ ಬಣ್ಣದ ವರದಿ. ಅದರಲ್ಲಿ ‘ಬನ್ನಿಗಿಡದ ಕ್ರಾಸ್: ವೈಜ್ಞಾನಿಕ ತರಬೇತಿಗೆ ಶೇಕಡಾ ನೂರರ ಯಶಸ್ಸು’ ಎಂಬ ತಲೆಬರಹದ ಕೆಳಗೆ ತಾವು ಭಾಗವ್ವನ ಮೆಂತ್ಯದ ಮಡಿಯಲ್ಲಿ ಬೂಟುಗಾಲು ಊರಿ ನಿಂತು ಮುಗುಳ್ನಗುತ್ತಿದ್ದೀರಿ. ಚಿತ್ರದ ಅಂಚಿನಲ್ಲಿ ಕೆಂಪು ಬಟ್ಟೆ ಕಟ್ಟಿದ ಒಂದು ಕೋಲು ಮತ್ತು ಅದನ್ನು ಹಿಡಿದ ಒಂದು ಕೈ ಇದೆ. ಕೈಯ ಒಡೆಯನನ್ನು ಕತ್ತರಿಸಿ ತೆಗೆದಿರುವುದು ಪುಟದ ಅಂದಕ್ಕಾಗಿ ಎಂದು ತಿಳಿದಿದ್ದೇನೆ. ಎರಡನೆಯ ಕಾಗದದಲ್ಲಿ, ಪ್ರಮಾಣಪತ್ರವಿಲ್ಲದ ಅನಧಿಕೃತ ವ್ಯಕ್ತಿಯೊಬ್ಬ ಕ್ರಾಸಿನಲ್ಲಿ ಲಾರಿಗಳನ್ನು ತಡೆದು ತಮ್ಮ ತರಬೇತಿಯ ಶಿಸ್ತಿಗೆ ಭಂಗ ತರುತ್ತಿದ್ದು, ಅವನಿಗೆ ಶಾಲೆಯವರು ಆಶ್ರಯ ಕೊಡಬಾರದೆಂದು ಸೂಚಿಸಿದ್ದೀರಿ. ಎರಡೂ ಕಾಗದಗಳ ಕೆಳಗೆ ಒಂದೇ ಸಹಿ ಇದ್ದುದರಿಂದ, ಎಡಗೈ ಬರೆದದ್ದನ್ನು ಬಲಗೈಗೆ ತೋರಿಸುವ ಪದ್ಧತಿ ತಮ್ಮಲ್ಲಿ ಇಲ್ಲವೆಂದು ಭಾವಿಸುತ್ತೇನೆ.

ಎರಡನ್ನೂ ಹೊಳೆಪ್ಪನಿಗೆ ಓದಿ ಹೇಳಿದೆ. ಆತ ಸಿಟ್ಟಾಗಬಹುದೆಂದುಕೊಂಡಿದ್ದೆ. ಆತ ಚಿತ್ರವನ್ನು ಕಣ್ಣ ಹತ್ತಿರ ಹಿಡಿದು ಬಹಳ ಹೊತ್ತು ನೋಡಿ, “ಹಿಂದ ಲಾರಿ ನಿಂತೈತಿ ನೋಡ್ರಿ ಬಾಯಾರ. ಬರೋಬ್ಬರಿ ಅಂತರ ಬಿಟ್ಟ ನಿಂತಾನ ಮಗಾ” ಎಂದು ನಕ್ಕ. ನಿಂತಿದ್ದು ದುರಗೇಶನ ಲಾರಿ.

ಈಗ ನನ್ನ ವಿನಂತಿಗಳು. ನಮ್ಮ ತಾಲೂಕಿನ ಎಲ್ಲ ಕಬ್ಬಿಗೂ ತಾವು ಒಂದು ಶಿಬಿರ ನಡೆಸಿ, ಕ್ರಾಸು ಹತ್ತಿರ ಬಂದಲ್ಲಿ ಕೆಳಗೆ ಕುಳಿತುಕೊಳ್ಳಲು ಕಲಿಸಬೇಕು. ಎಮ್ಮೆಗಳಿಗೆ ಬಲ ಯಾವುದು, ಎಡ ಯಾವುದು ಎಂಬುದನ್ನು ತಿಳಿಸಿ ಹೇಳಬೇಕು. ಗುಡ್ಡಗಾಡಿನ ಕೊರತೆಯಿಂದಾಗಿ ಇಲ್ಲಿ ಸಂಜೆಯ ಸೂರ್ಯ ಬನಹಟ್ಟಿ ಕಡೆ ಹೋಗುವ ಚಾಲಕರ ಕಣ್ಣಿಗೇ ನೇರ ಹೊಡೆಯುತ್ತಾನೆ, ಆತನೂ ನಾಲ್ಕೂ ಇಪ್ಪತ್ತಕ್ಕೆ ಸ್ವಲ್ಪ ಪಕ್ಕಕ್ಕೆ ಸರಿಯುವಂತೆ ತಮ್ಮ ಪ್ರಭಾವ ಬೀರಬೇಕು. ಇವು ಕಷ್ಟವೆನಿಸಿದರೆ ಇದಕ್ಕಿಂತಲೂ ಕಷ್ಟದ ಒಂದನ್ನು ಕೇಳುತ್ತೇನೆ: ಬರುವ ನವೆಂಬರಿನಲ್ಲಿ ತಾವು ಕೈಗಡಿಯಾರವನ್ನು ಮನೆಯಲ್ಲಿ ಬಿಟ್ಟು ಬಂದು, ಒಂದು ದಿನ ಕಟ್ಟೆಯ ಮೇಲೆ ಹೊಳೆಪ್ಪನ ಪಕ್ಕದಲ್ಲಿ ಕುಳಿತು, ಲಾರಿ ಕಾಣುವ ಮೊದಲೇ ಅದನ್ನು ಕೇಳುವುದು ಹೇಗೆಂದು ಆತನಿಂದ ಕಲಿಯಬೇಕು. ಕಲಿತ ಮೇಲೆ ಅದನ್ನು ತಮ್ಮ ಕೈಪಿಡಿಯಲ್ಲಿ ಎಂಬತ್ತೊಂದನೆಯ ಪುಟವಾಗಿ ಸೇರಿಸಿದರೆ ಆಕ್ಷೇಪಣೆಯಿಲ್ಲ. ತಮ್ಮ ಹೆಸರಿನಲ್ಲಿಯೇ ಸೇರಿಸಿಕೊಳ್ಳಿ. ಅಂಥದಕ್ಕೆಲ್ಲ ಆತ ಬೇಸರಿಸುವವನಲ್ಲ.

ಹೊಳೆಪ್ಪನಿಗೆ ಕೆಲಸ ಸಿಕ್ಕಿದೆ. ಮಹಾಲಿಂಗಪುರದ ಬೆಲ್ಲದ ವ್ಯಾಪಾರಿಯೊಬ್ಬರು ಪ್ರಮಾಣಪತ್ರ ಕೇಳದೆ, ದುರಗೇಶನ ಮಾತಿನ ಮೇಲೆ ಆತನಿಗೆ ತಮ್ಮ ಲಾರಿಯನ್ನು ಒಪ್ಪಿಸಿದ್ದಾರೆ. ನಿನ್ನೆಯಿಂದ ಆತ ಕ್ರಾಸಿನಲ್ಲಿ ಇಲ್ಲ. ಕೋಲು ನನ್ನ ಕೈಗೆ ಬಂದಿದೆ. ಬರುವ ಮೇ ತಿಂಗಳಲ್ಲಿ ನನಗೆ ನಿವೃತ್ತಿ. ನಿವೃತ್ತರು ಕಟ್ಟೆಯ ಮೇಲೆ ಕೂಡಬಾರದೆಂಬ ನಿಯಮ ಯಾವ ಕೈಪಿಡಿಯಲ್ಲಿಯೂ ನನಗೆ ಕಾಣದ್ದರಿಂದ, ಜೂನ್ ತಿಂಗಳಿನಿಂದ ನಾನು ಅಲ್ಲಿ ಪೂರ್ಣಾವಧಿಗೆ ಲಭ್ಯಳಾಗಿರುತ್ತೇನೆ. ತಮ್ಮ ಮುಂದಿನ ಅನಧಿಕೃತ ವ್ಯಕ್ತಿಯ ವಿರುದ್ಧದ ಕಾಗದವನ್ನು ದಯಮಾಡಿ ನನ್ನ ಹೆಸರಿಗೇ ಕಳಿಸತಕ್ಕದ್ದು.

ತಮ್ಮ ಆಯುರಾರೋಗ್ಯವನ್ನೂ, ತಾವು ದಾಟುವ ಎಲ್ಲ ಕ್ರಾಸುಗಳಲ್ಲಿ ತಮಗಾಗಿ ಕಾಯುವ ಒಬ್ಬ ಚಾಲಕನನ್ನೂ ದೇವರು ಕರುಣಿಸಲೆಂದು ಮನಃಪೂರ್ವಕ ಹಾರೈಸುವ,

ತಮ್ಮ ವಿಶ್ವಾಸಿ,
ಮಥುರಾಬಾಯಿ ಇನಾಮದಾರ
ಮುಖ್ಯೋಪಾಧ್ಯಾಯಿನಿ, ಮೇ ಮೂವತ್ತೊಂದರವರೆಗೆ

ತಾ.ಕ.: ಚಿತ್ರ ತೆಗೆಸಿಕೊಳ್ಳಲು ತಾವು ಬಂದ ದಿನ ತಮ್ಮ ಜೀಪು ಸರಿಯಾಗಿ ಕ್ರಾಸಿನ ಬಾಯಿಗೆ ಅಡ್ಡ ನಿಂತಿತ್ತು. ಅದರ ಬೆನ್ನ ಮೇಲೆ ಬರೆದದ್ದನ್ನು ಓದಲು ನನ್ನ ನಾಲ್ಕನೆಯ ತರಗತಿಯ ಮಕ್ಕಳು ಜೀಪನ್ನು ಸುತ್ತಿಕೊಂಡು ರಸ್ತೆಯ ನಡುವೆ ಇಳಿದುಬಿಟ್ಟರು. ‘ಸುರಕ್ಷತೆಯೇ ಮೊದಲು’ ಎಂದು ಕೂಡಿಸಿ ಓದಿದ ರಾಧಿಕಾ ಎಂಬ ಹುಡುಗಿ ನನ್ನನ್ನು, “ಮೊದಲ ಸುರಕ್ಷತಾ ಆತು. ಆಮ್ಯಾಲ ಏನ್ರೀ ಬಾಯಾರ?” ಎಂದು ಕೇಳಿದಳು. ಅಷ್ಟರಲ್ಲಿ ತಾವು ಜೀಪು ಹತ್ತಿ, ಹಾರ್ನ್ ಬಾರಿಸಿ, ಹಿಂದೆ ನೋಡದೆ ಹೊರಟುಹೋದಿರಿ. ಹುಡುಗಿ ಉತ್ತರ ಸಿಕ್ಕಿತೆಂದು ಪಾಟಿಯ ಮೇಲೆ ‘ಆಮ್ಯಾಲ ಹಾರ್ನ್’ ಎಂದು ಬರೆದುಕೊಂಡಳು. ನಾನು ತಿದ್ದಲಿಲ್ಲ.